ಮುತ್ಯಾಲಮ್ಮನ ಹಾಲಿನ ಕೈ, ಕದಿರಪ್ಪನ ಸಾಲು

ಕ್ಯಾಸಂಬಳ್ಳಿ ಕಡೆಯ ಸೂರ್ಯ ಮುತ್ಯಾಲಮ್ಮನವರ ಅಪ್ಪಣೆ ಸಿಗದೆ ಮೇಲೇಳುವುದಿಲ್ಲ. ಇದು ಸುಳ್ಳಾದರೆ ಮಾರಿಕುಪ್ಪಂ ರೈಲನ್ನು ಬಂಗಾರಪೇಟೆವರೆಗೆ ನಾನೇ ತಳ್ಳಿಕೊಂಡು ಹೋಗುತ್ತೇನೆ. ಬೆಳಕು ಹರಿಯುವ ಮುಂಚೆ, ತಳಿ ಪರೀಕ್ಷೆಯ ಟೊಮೆಟೊ ತೋಟದ ಬದುವಿನಲ್ಲಿ ಕೂತು ಚೊಂಬಿನ ಹಾಲಿನಲ್ಲಿ ಎರಡೂ ಕೈ ಅದ್ದುತ್ತಾರೆ. ಒಂದೊಂದು ಸಾಲು ಮುಗಿದಾಗಲೂ ಮತ್ತೆ ಅದ್ದುತ್ತಾರೆ. ಎಲೆ ಸುಕ್ಕಾಗಿಸುವ ನಂಜು, ಅಂದರೆ ವೈರಸ್, ಕೈ ತಾಗಿಯೇ ಗಿಡದಿಂದ ಗಿಡಕ್ಕೆ ಹೋಗುತ್ತದೆ; ಹಾಲು ಅದನ್ನು ತಡೆಯುತ್ತದೆ.

"ಮಾರಾಣಿಯವ್ರು ಬಂದ್ರು, ಆಲಲ್ಲೇ ಕೈ ತೊಳೀತಾರೆ," ಎಂದು ಜೊತೆಗಾರ ಸೀನಪ್ಪ ಛೇಡಿಸುತ್ತಾನೆ.

"ನೀನು ಮೊದ್ಲು ಬಾಯಿ ತೊಳ್ಕೊಂಡು ಬಾರ್ಲಾ."

ಐವತ್ತೆಂಟರ ಈ ಅಮ್ಮನ ಬೆರಳಿಗೆ ಮಿಂಚೂ ಸೋಲುತ್ತದೆ. ಬಿಸಿಲೇರುವಷ್ಟರಲ್ಲಿ ಆರುನೂರು ಗಿಡಗಳ ಪಕ್ಕದ ಚಿಗುರು ಚಿವುಟಿ ಮುಗಿಸುತ್ತಾರೆ. ಅವರ ಕತೆ ಬರೆದುಕೊಳ್ಳಲು ಬಂದ ನನ್ನ ಕೈ ಆರು ಸಾವಿರ ಎಂದು ಬರೆಯಲು ತುರಿಸುತ್ತಿದೆ, ಅವರೇ ಬೇಡವೆನ್ನುತ್ತಾರೆ.

ಇಲ್ಲಿನ ಒಂದು ಸಾಲಿಗೆ ಅವರ ಗಂಡನ ಹೆಸರು. ಇದೇ ತೋಟದ ಆಳಾಗಿದ್ದ ಕದಿರಪ್ಪ, ರೋಗ ಬಂದರೂ ಕಾಯಿ ಬಿಟ್ಟ ಗಿಡಗಳ ಬೀಜವನ್ನೇ ಆರಿಸಿ ಆರಿಸಿ ಕಟ್ಟಿದ ತಳಿ ಅದು. ಹತ್ತೊಂಬತ್ತು ವರ್ಷ ನಂಜು ತಗುಲಿದರೂ ಎಲೆಗೆ ನಾಲ್ಕು ಚುಕ್ಕೆ ಬೀಳುತ್ತಿತ್ತು, ಅಷ್ಟೇ.

ಕಳೆದ ತಿಂಗಳು ಕದಿರಪ್ಪ ತೀರಿಕೊಂಡರು. ಮೂರನೇ ದಿನ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. "ಮನೇಲಿದ್ದ ಆಲೆಲ್ಲಾ ಅವ್ರಿಗೆ ಉಯ್ದ್‌ಬಿಟ್ಟೆ. ಚಿಗುರು ಬಲ್ತೋಯ್ತದೆ ಅಂತ ಸಂಜೆ ತೋಟಕ್ಕೆ ಬಂದೆ. ಬರೀ ಕೈ." ಮೊದಲು ಮುಟ್ಟಿದ್ದು ಹೊರಗಿನಿಂದ ತಂದ ಹೈಬ್ರಿಡ್ ಸಾಲನ್ನು. ಆಮೇಲೆ ಗಂಡನದನ್ನು.

ಹೈಬ್ರಿಡ್ ಇಂದಿಗೂ ಹಸಿರು. ಕದಿರಪ್ಪನ ಸಾಲಿನ ಎಲೆಗಳು ದಾರದಂತೆ ಸಣ್ಣಗಾಗಿವೆ, ಕಾಯಿ ಕಂದಿದೆ.

"ಇದು ಹಳೇ ನಂಜಲ್ಲ ಅಮ್ಮ, ಅದರಲ್ಲೇ ಬೇರೆ ಬಗೆ," ಎನ್ನುತ್ತಾರೆ ರೋಗ ಪರೀಕ್ಷಿಸಿದ ಸುಮಿತಾ. "ಹೈಬ್ರಿಡ್ ಒಳಗೇ ಇತ್ತು, ಆ ತಳಿ ತಡ್ಕೊಳ್ತು. ಇದಕ್ಕೆ ಆಗ್ಲಿಲ್ಲ. ನಿಮ್ಮ ತಪ್ಪಲ್ಲ." ಮನೆಯಲ್ಲಿರುವ ಬೀಜ ಬಿತ್ತಿದರೂ ಈ ಬಗೆಯ ಮುಂದೆ ನಿಲ್ಲದು. ಸಾಲು ಕಿತ್ತು ಸುಡಲೇಬೇಕು.

"ದಾಟ್ಸಿದ್ದು ನನ್ ಕೈಯೇ ಅಲ್ವಾ ತಾಯಿ."



ಇಂದು ಕೀಳುವ ದಿನ. ಬೇರೆ ಯಾರೂ ಮುಟ್ಟಬಾರದೆಂದು ಮುತ್ಯಾಲಮ್ಮ ಒಬ್ಬರೇ ಸಾಲಿಗೆ ಇಳಿಯುತ್ತಾರೆ. ನಲವತ್ತು ಗಿಡ. ಅದಕ್ಕೂ ಮುಂಚೆ ಹಾಲಿನಲ್ಲಿ ಕೈ ಅದ್ದುತ್ತಾರೆ.

ಸೀನಪ್ಪ ಇವತ್ತು ಛೇಡಿಸುವುದಿಲ್ಲ. "ಕೀಳಾಕೂ ಆಲ್ಯಾಕಕ್ಕ?"

"ಆವತ್ತು ಕೈಗೆ ಅಂತ ಒಂದ್ ತೊಟ್ಟೂ ಉಳಿಸ್ಲಿಲ್ಲ ಕಣಪ್ಪ."

ಕೊನೆಯ ಗಿಡ ಕಿತ್ತ ಮೇಲೆ ಚೊಂಬಿನಲ್ಲಿ ಉಳಿದ ಹಾಲನ್ನು ಅದರ ಗುಳಿಯೊಳಗೆ ಸುರಿಯುತ್ತಾರೆ. ಆಮೇಲೆ ನನ್ನ ಪುಸ್ತಕದ ಕಡೆ ನೋಡುತ್ತಾರೆ.

"ಅಳೇ ರೋಗಕ್ಕೆ ಅತ್ತೊಂಬತ್ತು ವರ್ಸ ಬಗ್ಲಿಲ್ಲ ಅಂತ ಬರ್ಕೊಳಪ್ಪ. ಜಾಸ್ತಿ ಮಾಡಿ ಬರೀಬ್ಯಾಡ. ಅತ್ತೊಂಬತ್ತೇ."