ಸಿಟ್ಟು ಕಳೆದು ಕಲಕಿದ ಮದ್ದು

ಮಂತ್ರವಾದಿಗಳ ಆ ಊರಿನಲ್ಲಿ ಹಂಡೆಯಕ್ಕನಂಥ ಸಿಡುಕಿ ಇನ್ನೊಬ್ಬಳಿರಲಿಲ್ಲ. ಅಂಥವಳನ್ನು ಆಸ್ಪತ್ರೆಯವರು ಕೂಡುಮದ್ದು ಕಾಯಿಸಲು ಇಟ್ಟುಕೊಂಡಿದ್ದಾರೆ ಎಂದರೆ ಹೊಸಬರು ಬಿದ್ದು ಬಿದ್ದು ನಗುತ್ತಿದ್ದರು. ಕೂಡುಮದ್ದು ಎಂದರೆ ಸೀಳಿದ ಮಾಂಸವನ್ನು, ಮುರಿದ ಎಲುಬನ್ನು ಕೂಡಿಸುವ ಮದ್ದು. ಅದಕ್ಕೆ ಸಿಟ್ಟು ಕಂಡರಾಗದು. ಸೌಟು ಹಿಡಿದವರ ಮನಸ್ಸಿನಲ್ಲಿ ಒಂದು ಚೂರು ಸಿಟ್ಟು ಎದ್ದು ಕೂತರೂ ಹುಳಿ ಬಿದ್ದ ಹಾಲಿನಂತೆ ಒಡೆದುಹೋಗುತ್ತದೆ.

ಅದಕ್ಕೇ ಆಸ್ಪತ್ರೆಯ ಹಿತ್ತಲಲ್ಲಿ ಒಂದು ಬೈಗುಳದ ಗೋಡೆ ಇತ್ತು. ಕಲಕುವವರು ಮೊದಲು ಅದರ ಮುಂದೆ ನಿಂತು, ಯಾರ ಮೇಲೆ ಎಷ್ಟು ಸಿಟ್ಟಿದೆಯೋ ಅಷ್ಟನ್ನೂ ಹೆಸರು ಹಿಡಿದು ಬೈದು, ಖಾಲಿಯಾಗಿ ಒಳಗೆ ಬರಬೇಕು. ಸುಮ್ಮನೆ ಗೊಣಗಿದರೆ ಗೋಡೆ ತೆಗೆದುಕೊಳ್ಳುವುದಿಲ್ಲ. ಮಿಕ್ಕವರು ಒಂದೆರಡು ಮಾತಿಗೇ ಸುಸ್ತಾದರೆ, ಹಂಡೆಯಕ್ಕ ಗೊರಕೆ ಹೊಡೆಯುವ ಗಂಡನಿಂದ ಹಿಡಿದು ಎಡಕ್ಕೆ ವಾಲುವ ತನ್ನ ಹಾರುವ ಚಾಪೆಯವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಗೋಡೆಯ ಗಾರೆ ಉದುರುತ್ತಿತ್ತು. ಆಮೇಲೆ ಒಳಗೆ ಬಂದು ಸೌಟು ಹಿಡಿದರೆ ಹಸುಗೂಸಿನಷ್ಟು ಶಾಂತ. ಹಾಗೆ ಪೂರ್ತಿ ಖಾಲಿಯಾಗುವುದು ಬೇರೆ ಯಾರಿಂದಲೂ ಆಗುತ್ತಿರಲಿಲ್ಲವಾದ್ದರಿಂದ, ಎಲುಬಿನವರೆಗೆ ಸುಟ್ಟ ಗಾಯದ ಮದ್ದು ಅವಳೊಬ್ಬಳ ಕೈಗೇ ಒಲಿದಿತ್ತು.

ಗೋಡೆಯ ಮುಂದೆ ಅವಳು ಎತ್ತದ ಹೆಸರು ಒಂದೇ, ತಂಗಿಯದು. ತಾಯಿ ಸಾಯುವಾಗ ಪಕ್ಕದಲ್ಲಿದ್ದವಳು ತಂಗಿ. ಅಕ್ಕ ಎರಡು ಬೀದಿ ಆಚೆ, ಇದೇ ಆಸ್ಪತ್ರೆಯಲ್ಲಿ ಕಲಕುತ್ತಿದ್ದಳು. ತಂಗಿ ಹೇಳಿಕಳಿಸಲಿಲ್ಲ. ಅಕ್ಕ ಕೆಲಸ ಮುಗಿಸಿ ಮನೆಗೆ ಹೋದಾಗ ಎಲ್ಲ ಮುಗಿದುಹೋಗಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಮುಖ ನೋಡುವುದಿಲ್ಲ. ಆ ಸಿಟ್ಟು ಮನಸ್ಸಿನ ಒಂದು ಮೂಲೆಯಲ್ಲಿ ಮಲಗಿಬಿಟ್ಟಿತ್ತು. ಬೇರೆಯವರಿಗೆ ಕಲಕುವಾಗ ಅದು ತಲೆ ಎತ್ತುತ್ತಿರಲಿಲ್ಲ.

ತಂಗಿ ಮಂತ್ರದಂಡ ಕೆತ್ತುವವಳು. ಒಂದು ಬೆಳಿಗ್ಗೆ ಕೆತ್ತುತ್ತಿದ್ದ ದಂಡ ಸೀಳಿ, ಒಳಗಿನ ಬೆಂಕಿ ಅವಳ ಬಲಗೈಯನ್ನು ಎಲುಬಿನವರೆಗೆ ಸುಟ್ಟಿತು. ಆಸ್ಪತ್ರೆಗೆ ತಂದರು.

“ಸಂಜೆಯೊಳಗೆ ಮದ್ದು ಬೀಳದಿದ್ರೆ ಬೆರಳು ಹೀಗೇ ಸೆಟೆದುಕೊಳ್ಳುತ್ತೆ. ಆಮೇಲೆ ಉಳಿ ಹಿಡಿಯೋ ಮಾತೇ ಇಲ್ಲ,” ಎಂದರು ಹಿರಿಯ ವೈದ್ಯರು.

“ಒಲೆ ಹಚ್ಚಿಸಿ,” ಎಂದಳು ಹಂಡೆಯಕ್ಕ.

“ನೋಡಮ್ಮ, ನಿಮ್ಮಿಬ್ಬರ ವಿಷಯ ಊರಿಗೇ ಗೊತ್ತು.”

“ಊರಿಗೆ ಬೇರೆ ಕೆಲಸ ಇಲ್ಲ. ಅವಳ ಕೈ ಹೋಗೋಕೆ ನಾನು ಬಿಡಲ್ಲ.”

ಅವಳು ನೇರ ಹಿತ್ತಲಿಗೆ ಹೋಗಿ, ಅಷ್ಟು ವರ್ಷಗಳ ಮೇಲೆ ತಂಗಿಯ ಹೆಸರೆತ್ತಿ, ಗಂಟಲು ಒಣಗುವವರೆಗೆ ಬೈದಳು. ಗೋಡೆ ಬಿರುಕು ಬಿಟ್ಟಿತು. ಒಳಗೆ ಬಂದು ಹಲ್ಲು ಕಚ್ಚಿ ಕಲಕಿದಳು. ಮದ್ದು ಒಡೆಯಿತು.

ಅವಳು ಹಂಡೆಯನ್ನೇ ನೋಡುತ್ತಾ ನಿಂತಳು. ಬೈದದ್ದು ಸಾಲದೆ? ಯೋಚಿಸಿದಾಗ ತಿಳಿಯಿತು, ಒಳಗೆ ಉಳಿದಿದ್ದದ್ದು ಬೈಗುಳವೇ ಅಲ್ಲ, ಒಂದು ಪ್ರಶ್ನೆ. ಗೋಡೆ ಎಷ್ಟು ಬೈದರೂ ಕೇಳಿಸಿಕೊಳ್ಳುತ್ತದೆ, ಉತ್ತರ ಎಲ್ಲಿಂದ ಕೊಡಬೇಕು?

ಮದ್ದಿಗೆ ಹಾಕುವ ಬೇರು ಇನ್ನೊಂದು ಹಂಡೆಗಾಗುವಷ್ಟೇ ಉಳಿದಿತ್ತು. ಬಿಸಿಲು ಇಳಿಯುತ್ತಿತ್ತು. ಮೊದಲು ಕೇಳಿ, ಆಮೇಲೆ ಕಲಕುವಷ್ಟು ಹೊತ್ತಿರಲಿಲ್ಲ. ಅವಳು ಹೊಸ ನೀರಿಟ್ಟು ಬೇರು ಹಾಕಿದಳು.

“ಅವಳ ಮಂಚ ಇಲ್ಲಿಗೆ ತನ್ನಿ.”

“ಹಂಡೆ ಮುಂದೆ ಜಗಳವೇ? ತಲೆ ಕೆಟ್ಟಿದೆಯೇನಮ್ಮ?”

“ಈಗಾಗಲೇ ಒಂದು ಹಂಡೆ ಕೆಟ್ಟಾಯ್ತು. ಇದು ಕೆಡಬಾರದು ಅಂದ್ರೆ ತನ್ನಿ.”

ವೈದ್ಯರು ಮಂತ್ರ ಹೇಳಿ ಮಂಚವನ್ನು ತೇಲಿಸಿಕೊಂಡು ಬಂದರು. ನೋವಿನಿಂದ ಬಿಳುಚಿಕೊಂಡಿದ್ದ ತಂಗಿ ಆಚೆ ಮುಖ ತಿರುಗಿಸಿದಳು.

“ಇತ್ತ ನೋಡೇ,” ಎಂದಳು ಹಂಡೆಯಕ್ಕ, ಕಲಕುತ್ತಲೇ. “ಅಮ್ಮ ಹೋಗುವಾಗ ನನಗ್ಯಾಕೆ ಹೇಳಿಕಳಿಸ್ಲಿಲ್ಲ? ನಾನೇನು ಸಮುದ್ರದಾಚೆ ಇದ್ನಾ?”

ಹಂಡೆಯ ಅಂಚಿನಲ್ಲಿ ಒಡೆದ ಹಾಲಿನಂಥ ಗರಣೆ ಕಟ್ಟತೊಡಗಿತು. ವೈದ್ಯರು ತಲೆಯ ಮೇಲೆ ಕೈ ಹೊತ್ತರು.

“ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ಹೇಳು!”

“ಅಮ್ಮನೇ ಬೇಡ ಅಂದ್ಲು ಕಣೇ.”

“ಸುಳ್ಳು.”

“ನಿನ್ನಾಣೆ. ನಾನು ಚಪ್ಪಲಿ ಮೆಟ್ಟಿ ಹೊರಟಿದ್ದೆ. ಕೈ ಹಿಡ್ಕೊಂಡ್ಲು. ‘ಶಾಲೆ ಸೂರು ಬಿದ್ದು ಗಾಯ ಆಗಿರೋ ಮಕ್ಕಳಿಗೆ ಅವಳು ಕಲಕ್ತಿದಾಳೆ. ಈ ಸುದ್ದಿ ಕೇಳಿದ್ರೆ ಯಾರ್ಯಾರ ಮೇಲೋ ಸಿಟ್ಟಾಗ್ತಾಳೆ, ಮದ್ದು ಒಡೆಯುತ್ತೆ. ಮುಗಿಸಿ ಬರ್ಲಿ’ ಅಂದ್ಲು.”

“ಇಷ್ಟು ವರ್ಷ ಹೇಳೋಕೇನಾಗಿತ್ತು ನಿನಗೆ?”

“ಹೇಳಿದ್ರೆ ಅಮ್ಮನ ಮೇಲೆ ಸಿಟ್ಟು ಮಾಡ್ಕೋತಿದ್ದೆ. ಸತ್ತವಳ ಮೇಲೆ ಯಾಕೆ, ನನ್ನ ಮೇಲೇ ಇರ್ಲಿ ಅಂದ್ಕೊಂಡೆ. ನಾನಾದ್ರೆ ಬದುಕಿದೀನಲ್ಲ, ತಡ್ಕೋತೀನಿ.”

ಹಂಡೆಯಕ್ಕನ ಕೈ ನಿಲ್ಲಲಿಲ್ಲ. ನಿಂತರೆ ತಂಗಿಯ ಬೆರಳು ಹೋದಂತೆಯೇ. ಅವಳು ನಾಚಿಕೆ ಬಿಟ್ಟು ಗೊಳೋ ಎಂದು ಅಳುತ್ತಾ ಕಲಕಿದಳು. ತಾನು ಎಂಥ ಮೂರ್ಖಳು, ತಂಗಿ ಎಂಥ ಹಟಮಾರಿ, ಅಮ್ಮ ಎಂಥವಳು ಎಂದೆಲ್ಲ ಮನಸ್ಸಿಗೆ ಬಂತು. ಸಂಕಟವಾಯಿತು, ಸಿಟ್ಟು ಬರಲಿಲ್ಲ. ಸಂಕಟವನ್ನು ಕೂಡುಮದ್ದು ಲೆಕ್ಕಕ್ಕಿಡುವುದಿಲ್ಲ. ಗರಣೆ ಕರಗಿ ಮದ್ದು ಹಂಡೆಯ ತಳ ಕಾಣುವಷ್ಟು ತಿಳಿಯಾಯಿತು.

ತಂಗಿಯ ಕೈಯನ್ನು ಅವಳೇ ಹಿಡಿದು ಮದ್ದಿನಲ್ಲಿ ಅದ್ದಿದಳು. ಎಲುಬಿನ ಮೇಲೆ ಮಾಂಸ ಬಂತು, ಮಾಂಸದ ಮೇಲೆ ಎಳೆ ಚರ್ಮ ಬಂತು. ಹೆಬ್ಬೆರಳು ಅಲುಗಿತು. ಸ್ವಲ್ಪ ತಡೆದು ಕಿರುಬೆರಳೂ ಮಡಚಿತು. ವೈದ್ಯರು ಕಿಟಕಿಯ ಕಡೆಗೆ ತಿರುಗಿ ಕಣ್ಣೊರೆಸಿಕೊಂಡರು.

“ಅಕ್ಕಾ,” ಎಂದಳು ತಂಗಿ, “ಅವತ್ತು ಆ ಮಕ್ಕಳ ಮದ್ದು ಸರಿಯಾಗಿ ಬಂತಾ?”

“ಬಂತು. ಎಲ್ರೂ ನಡ್ಕೊಂಡೇ ಮನೆಗೆ ಹೋದ್ರು. ಯಾಕೆ?”

“ಅಮ್ಮ ಕೊನೇವರೆಗೂ ಅದನ್ನೇ ಕೇಳ್ತಿದ್ಲು. ನನಗೆಲ್ಲಿ ಗೊತ್ತು? ಚೆನ್ನಾಗಿ ಬಂತಂತೆ ಅಂತ ಸುಳ್ಳು ಹೇಳ್ಬಿಟ್ಟೆ.”

“ಸುಳ್ಳಲ್ಲ ಕಣೇ,” ಎಂದು ಹಂಡೆಯಕ್ಕ ಆ ಎಳೆ ಬೆರಳುಗಳನ್ನು ಹಿಡಿದುಕೊಂಡಳು.