ಬಾಯಿಬಡುಕಿಯರ ಬ್ಯಾಂಡು

ಭದ್ರಾವತಿ–ಶಿವಮೊಗ್ಗ ನಡುವಿನ ಖಾಸಗಿ ಬಸ್ಸುಗಳಲ್ಲಿ ‘ಮಹಿಳೆಯರಿಗೆ’ ಎಂದು ಬರೆದಿರುವ ಸೀಟಿನಲ್ಲಿ ಕುಳಿತ ಕೂಡಲೇ ಗಂಡಸರಿಗೆ ಅಕ್ಷರಜ್ಞಾನ ಹೊರಟುಹೋಗುತ್ತದೆ. ಸಂಸ್ಕೃತ ವ್ಯಾಕರಣವನ್ನು ಜೀವಮಾನವಿಡೀ ಪಾಠ ಮಾಡಿದ ನನಗೂ ಹಲವು ಬಾರಿ ಹೀಗಾಗಿದೆ ಎಂದಮೇಲೆ, ಓದುಗ ಮಹಾಶಯರೇ, ಇದು ವಿದ್ಯೆಯ ದೋಷವಲ್ಲ, ಆಸನದ ಮಹಿಮೆ ಎಂದು ನೀವು ಒಪ್ಪಲೇಬೇಕು.

ಈ ಮಹಿಮೆಯ ವಿರುದ್ಧ ಹಾಡು ಕಟ್ಟಿದವಳು ನನ್ನ ಶಿಷ್ಯೆ ಸೆಲ್ವಿ. ತೊಂಬತ್ತರ ದಶಕದ ಕೊನೆಯ ಮಾತು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಿಂದ ಶಿವಮೊಗ್ಗದ ನಮ್ಮ ಕಾಲೇಜಿಗೆ ದಿನವೂ ನಿಂತೇ ಬರುತ್ತಿದ್ದ ಅವಳು, ಯಾವುದೋ ದೇಶದ ಹೆಣ್ಣುಮಕ್ಕಳು ಗಿಟಾರ್ ಬಾರಿಸುತ್ತಾ ಕಿರುಚುವುದನ್ನು ಕೇಬಲ್ ಟಿವಿಯಲ್ಲಿ ಕಂಡು, ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ತಾನೂ ಒಂದು ಬ್ಯಾಂಡು ಕಟ್ಟಿದಳು. ಜನ ಬಯ್ಯುವ ಮೊದಲೇ ಬಯ್ಗುಳವನ್ನೇ ಹೆಸರಾಗಿಸಿಕೊಂಡು ‘ಬಾಯಿಬಡುಕಿಯರು’ ಎಂದು ಕರೆದುಕೊಂಡರು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವರು ಹಾಡಿದ್ದು ಒಂದೇ ಹಾಡು. “ಏಳಣ್ಣ ಏಳು, ಸೀಟು ನಂದು, ಸರಿಯಣ್ಣ ಸರಿ, ದಾರಿ ನಂದು” ಎಂಬುದು ಪಲ್ಲವಿ. ಚರಣಗಳಲ್ಲಿ ಬಸ್ಸಿನಲ್ಲಿ ಮೈಗೆ ಮೈ ತಾಗಿಸುವವರಿಗೂ, ಬೀದಿಯಲ್ಲಿ ಶಿಳ್ಳೆ ಹೊಡೆಯುವವರಿಗೂ ಯಥೋಚಿತ ಮಂಗಳಾರತಿ. ಗಣ್ಯರು, ಅಧ್ಯಾಪಕರು ಎದ್ದು ಹೋದರು. ಮೈಕಿನ ಕರೆಂಟು ತೆಗೆಸಲಾಯಿತು. ಹುಡುಗಿಯರು ಮೈಕಿಲ್ಲದೆ ಕೊನೆಯವರೆಗೂ ಹಾಡಿದರು.

ಸಾಂಸ್ಕೃತಿಕ ಸಮಿತಿಯ ಸಂಚಾಲಕನಾಗಿದ್ದ ನಾನು ವರದಿ ಕೊಡಬೇಕಾಯಿತು. ಈ ಬಗೆಯ ಸಂಗೀತಕ್ಕೆ ‘ಪಂಕ್’ ಎನ್ನುತ್ತಾರೆಂದು ತಿಳಿದದ್ದೇ ನನ್ನೊಳಗಿನ ಪಂಡಿತ ಕುಣಿದಾಡಿದ. ಪಂಕವೆಂದರೆ ಕೆಸರು, ಕೆಸರಿಗೆಲ್ಲಿಯ ಶ್ರುತಿ ಎಂದು ಬರೆದು ಸಹಿ ಹಾಕಿದೆ. ಅದೇ ಪಂಕದಲ್ಲಿ ಪಂಕಜ ಹುಟ್ಟುತ್ತದೆಂಬುದು, ಶಬ್ದವ್ಯುತ್ಪತ್ತಿಯನ್ನು ಕಲಿಸಿ ಸಂಬಳ ಪಡೆಯುತ್ತಿದ್ದವನಿಗೆ ಅಂದು ಹೊಳೆಯಲಿಲ್ಲ. ಬ್ಯಾಂಡಿಗೆ ವೇದಿಕೆ ನಿಷೇಧವಾಯಿತು. ಓದು ಮುಗಿದು ಗೆಳತಿಯರಿಬ್ಬರೂ ಊರು ಬಿಟ್ಟರು. ಬ್ಯಾಂಡಿನವರು ಹಾಡನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿದ್ದ ಒಂದೇ ಒಂದು ಕ್ಯಾಸೆಟ್ಟನ್ನು ಸಾಕ್ಷ್ಯವೆಂದು ವಶಪಡಿಸಿಕೊಂಡಿದ್ದ ನಾನು, ಮನೆಯಲ್ಲಿಟ್ಟು ಮರೆತೆ.

ನನ್ನ ಹೆಂಡತಿ ಶಾರದೆ ಮರೆತಿರಲಿಲ್ಲ. ಮಧ್ಯಾಹ್ನಗಳಲ್ಲಿ ನಾನು ಕಾಲೇಜಿನಲ್ಲಿದ್ದಾಗ ಅದು ನಮ್ಮ ಅಡುಗೆಮನೆಯಲ್ಲಿ ಮೊಳಗುತ್ತಿತ್ತೆಂಬುದು ನನಗೆ ಗೊತ್ತಾದದ್ದು ಐದಾರು ವರ್ಷಗಳ ನಂತರ, ಬಸ್ಸಿನಲ್ಲಿ. ಭದ್ರಾವತಿಯಲ್ಲಿ ಜೊತೆಗಿದ್ದ ಶಾರದೆಗಿಂತ ಮೊದಲು ನುಗ್ಗಿ ಹತ್ತಿದ ನಾನು ಆ ಮಹಿಮಾನ್ವಿತ ಆಸನದಲ್ಲಿ ಕುಳಿತು ಪತ್ರಿಕೆ ಬಿಡಿಸಿದ್ದೆ. ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸು ಪಕ್ಕದಲ್ಲಿ ನಿಂತಿದ್ದಳು; ಅವಳ ಹಿಂದೆ ಶಾರದೆ. ಜೋರಾಗಿ ಮಾತಾಡಿಯೇ ಅರಿಯದ ಶಾರದೆ ಗಂಟಲೆತ್ತಿ ಹಾಡಿದಳು: “ಏಳಣ್ಣ ಏಳು, ಸೀಟು ನಂದು.”

ಕೈಹಿಡಿದ ಹೆಂಡತಿಯೇ ‘ಅಣ್ಣ’ ಎಂದಮೇಲೆ ಕೂತಿರಲು ಯಾವ ಶಾಸ್ತ್ರದಲ್ಲೂ ಅವಕಾಶವಿಲ್ಲ. ಎದ್ದೆ. ಅಷ್ಟರಲ್ಲಿ ಹಿಂದಿನಿಂದ ಕಾಲೇಜು ಹುಡುಗಿಯರು ಎರಡನೆಯ ಸಾಲನ್ನು ಎತ್ತಿಕೊಂಡರು. ಈ ಹಾಡು ನಿಮಗೆ ಹೇಗೆ ಗೊತ್ತು ಎಂದು ಶಾರದೆ ಕೇಳಿದ್ದಕ್ಕೆ, ಕಾಗದನಗರದಲ್ಲಿ ಟ್ಯೂಷನ್ ಹೇಳುವ ಸೆಲ್ವಿ ಅಕ್ಕ ಕಲಿಸಿದ್ದೆಂದೂ ಈ ದಾರಿಯ ಹುಡುಗಿಯರಿಗೆಲ್ಲ ಬರುತ್ತದೆಂದೂ ಹೇಳಿದರು.

ಮುಂದಿನ ಭಾನುವಾರ ಕ್ಯಾಸೆಟ್ಟು ಹಿಡಿದು ಇಬ್ಬರೂ ಸೆಲ್ವಿಯ ಮನೆಗೆ ಹೋದೆವು. ಗೋಡೆಯ ಮೇಲಿದ್ದ ಗಿಟಾರಿಗೆ ಎರಡೇ ತಂತಿ ಉಳಿದಿದ್ದವು. ನಾನು ಬರೆದದ್ದು ತಪ್ಪು ಎಂದು ಕಷ್ಟಪಟ್ಟು ಹೇಳಿದೆ.

“ಸ್ಟೇಜ್ ಹೋಯ್ತಲ್ಲ ಅಂತ ತುಂಬಾ ಅತ್ತಿದ್ದೆ ಸಾರ್,” ಎಂದಳು ಸೆಲ್ವಿ. “ಆದ್ರೆ ಮೇಷ್ಟ್ರುಗಳಲ್ಲಿ ಕೊನೇವರೆಗೂ ಕೂತು ಕೇಳಿದ್ದು ನೀವೊಬ್ರೇ. ಅದನ್ನ ಮರೆತಿಲ್ಲ.”

ಅಂದು ಕಾಲು ಜೋಮು ಹಿಡಿದು ಏಳಲಾಗದೆ ಕೂತಿದ್ದೆನೆಂಬ ಸತ್ಯವನ್ನು ಹೇಳಲು ಬಾಯಿ ತೆರೆದೆ. ಶಾರದೆ ನನ್ನತ್ತ ನೋಡಿ ಬೇಡವೆಂದು ಮೆಲ್ಲಗೆ ತಲೆಯಾಡಿಸಿದಳು. ಮುಚ್ಚಿದೆ.