ತೂಕದ ಕಲ್ಲಾದ ವೆಂಕಟರವಣಪ್ಪ

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ತೂಕ ಹಾಕುವ ವೆಂಕಟರವಣಪ್ಪನವರು ಸ್ವತಃ ನೂರಾ ಹದಿನೆಂಟು ಕೆಜಿ. ಆಟೊದಲ್ಲಿ ಕೂತರೆ ಪಕ್ಕದವರು ಇಳಿದುಬಿಡುತ್ತಿದ್ದರು. ಹಾಗಾಗಿ ಎಲ್ಲಿಗೂ ನಡೆದೇ ಹೋಗುತ್ತಿದ್ದರು.

ಅದೇ ಮಂಡಿಯ ಅಂಬರೀಶ್ ಮತ್ತು ರವಿಚಂದ್ರ ಒಟ್ಟೊಟ್ಟಿಗೇ ಬೈಕು ಕೊಂಡರು. ಆಮೇಲೆ ಅಲ್ಲಿ ಟೊಮೆಟೊ ಮಾತೇ ನಿಂತುಹೋಯಿತು.

“ನಂದು ಇಪ್ಪತ್ನಾಲ್ಕು ಎಚ್‌ಪಿ, ತೂಕ ಬರೀ ನೂರೈವತ್ತು ಕೆಜಿ. ನಿಂದು ಇಪ್ಪತ್ತೇ ಎಚ್‌ಪಿ, ತೂಕ ನೋಡಿದ್ರೆ ಎಮ್ಮೆ,” ಎನ್ನುತ್ತಿದ್ದ ಅಂಬರೀಶ್.

“ಟಾರ್ಕ್ ನೋಡೋ, ಟಾರ್ಕ್! ಓಡೋ ಕುದುರೆ ಬೇರೆ, ಎಳೆಯೋ ಎತ್ತು ಬೇರೆ,” ಎಂದು ರವಿಚಂದ್ರ.

ಒಂದು ಭಾನುವಾರ ಮುರುಗಮಲ್ಲದ ದಾರಿಯ ಏರಿನಲ್ಲಿ, ಮಂಡಿಯವರೆಲ್ಲರ ಮುಂದೆ, ಪಂದ್ಯವಾಯಿತು. ಒಬ್ಬೊಬ್ಬರೇ ಓಡಿಸಿದಾಗ ಅಂಬರೀಶ್ ಸಲೀಸಾಗಿ ಗೆದ್ದ.

“ಹಿಂದೆ ಆಳು ಕೂರಿಸ್ಕೊಂಡು, ಏರಿನ ಮಧ್ಯ ನಿಲ್ಸಿ, ಅಲ್ಲಿಂದ ಹತ್ತಿಸು ನೋಡಣ,” ಎಂದ ರವಿಚಂದ್ರ. ಎಲ್ಲರ ಕಣ್ಣೂ ವೆಂಕಟರವಣಪ್ಪನವರ ಮೇಲೆ ಬಿತ್ತು.

“ನಾನೇನು ಮೂಟೆನಾ?” ಎಂದು ಅವರು ಮುಖ ಊದಿಸಿದರು. ಆದರೂ ಹತ್ತಿ ಕೂತರು. ಬೈಕಿನಲ್ಲಿ ಕೂರಿ ಎಂದು ಅವರನ್ನು ಅದುವರೆಗೆ ಯಾರೂ ಕರೆದಿರಲೇ ಇಲ್ಲ.

ರವಿಚಂದ್ರನ ಬೈಕು ಗುಡುಗುಡು ಎನ್ನುತ್ತಾ ಆತುರವಿಲ್ಲದೆ ಏರಿತು. ಅಂಬರೀಶನದು ಎರಡು ಸಲ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಚಿ, ಕ್ಲಚ್ ಬಿಟ್ಟ. ಮುಂದಿನ ಚಕ್ರ ಆಕಾಶ ನೋಡಿತು. ವೆಂಕಟರವಣಪ್ಪನವರು ಹಿಂದಕ್ಕೆ ಜಾರಿ ರಸ್ತೆಯಲ್ಲಿ ಚಕ್ಕಳಮಕ್ಕಳ ಕೂತರು. ಹಗುರಾದ ಬೈಕು ಬಾಣದಂತೆ ತುದಿ ಮುಟ್ಟಿತು.

“ಗೆದ್ದೆ!” ಎಂದು ಕೂಗಿದ ಅಂಬರೀಶ್ ತಿರುಗಿ ನೋಡಿ, “ಅಯ್ಯೋ ದೇವುಡಾ!” ಎಂದ.

“ಪವರ್ ಇದೆ ಕಣಪ್ಪ, ಒಪ್ತೀನಿ. ಆದ್ರೆ ನನ್ನ ಬಿಟ್ಟೋಯ್ತು,” ಎಂದರು ವೆಂಕಟರವಣಪ್ಪ, ಪಂಚೆ ಕೊಡವುತ್ತಾ.

ಈ ಸುದ್ದಿ ಶಿಡ್ಲಘಟ್ಟದವರೆಗೂ ಹೋಯಿತು. ಹಳೇ ಬೈಕು ಕೊಳ್ಳುವವರು ಮೊದಲು ಇವರನ್ನು ಹಿಂದೆ ಕೂರಿಸಿಕೊಂಡು ಆ ಏರು ಹತ್ತಿಸತೊಡಗಿದರು. ಇವರೂ ಇಸ್ತ್ರಿ ಅಂಗಿ ತೊಟ್ಟು, “ಎರಡನೇ ಗೇರಲ್ಲೇ ಉಸಿರು ಕಟ್ತದೆ, ಬೇಡ ಬಿಡಿ,” ಎಂದು ತೀರ್ಪು ಕೊಡುತ್ತಿದ್ದರು.

ಹೆಂಡತಿ ಮುನಿಶಾಮಮ್ಮನಿಗೆ ಇದು ಸರಿಬರಲಿಲ್ಲ. “ಊರವರ ಗಾಡೀಲೆಲ್ಲಾ ಮೆರೀತೀರಿ. ನಮ್ಮನೇಗೊಂದು ಬೇಡ್ವಾ?” ಎಂದು ಗಂಡನನ್ನು ಸ್ಕೂಟರ್ ಅಂಗಡಿಗೆ ಎಳೆದುಕೊಂಡು ಹೋದರು. ತಮಗೆ ಓಡಿಸಲು ಬರುವುದಿಲ್ಲ ಎಂದು ವೆಂಕಟರವಣಪ್ಪನವರು ಅಲ್ಲಿ ಮೆಲ್ಲಗೆ ಬಾಯಿಬಿಟ್ಟರು. ತಂಗಿಯ ಸ್ಕೂಟರಿನಲ್ಲಿ ಕಲಿತಿದ್ದ ಮುನಿಶಾಮಮ್ಮನೇ ಹ್ಯಾಂಡಲ್ ಹಿಡಿದು, ಗಂಡನನ್ನು ಹಿಂದೆ ಕೂರಿಸಿಕೊಂಡು ಪರೀಕ್ಷೆಗೆ ಹೊರಟರು. ಅದೇ ಏರಿನಲ್ಲಿ ಸ್ಕೂಟರ್ ಎಷ್ಟು ನಿಧಾನವಾಯಿತೆಂದರೆ, ಕುರಿಮಂದೆಯೊಂದು ಇವರನ್ನು ದಾಟಿಕೊಂಡು ಹೋಯಿತು.

ವಾಪಸ್ ಬಂದು ಹೇಳಿದಾಗ ಅಂಗಡಿಯವನು ನಾಚಿ, “ಇನ್ನೂ ಪವರ್ ಇರೋದು ತೋರಿಸ್ಲಾ ಅಮ್ಮ?” ಎಂದ.

“ಇದೇ ಇರ್ಲಿ ಬಿಡಪ್ಪ,” ಎಂದರು ಮುನಿಶಾಮಮ್ಮ. “ಇಷ್ಟು ದಿನ ನಡ್ಕೊಂಡೇ ಓಡಾಡ್ದೋರು, ಇವ್ರಿಗೇನು ಅರ್ಜೆಂಟು?”